ನೋಡುವ ಹಕ್ಕು ಮತ್ತು ನಡುವೆ ಎದ್ದ ಬೇಲಿ: ವಿಲ್ಟ್‌ಶೈರ್‌ನ ಪ್ರೇಕ್ಷಣೀಯ ತಾಣಗಳ ಹಿನ್ನೆಲೆ

ಇಂಗ್ಲೆಂಡಿನ ವಿಲ್ಟ್‌ಶೈರ್ ಕೌಂಟಿಯಲ್ಲಿರುವ ಸ್ಟೋನ್‌ಹೆಂಜ್ ಎಂಬ ಪುರಾತನ ಕಲ್ಲುವೃತ್ತದ ಸುತ್ತ 1901ರಲ್ಲಿ ಮುಳ್ಳುತಂತಿಯ ಬೇಲಿ ಎದ್ದಿತು. 1900ರ ಡಿಸೆಂಬರ್ 31ರಂದು, ಅಂದರೆ ಶತಮಾನದ ಕಟ್ಟಕಡೆಯ ದಿನ, ಹೊರ ವೃತ್ತದ ಒಂದು ನಿಲುಗಲ್ಲು ತನ್ನ ಮೇಲಿದ್ದ ಅಡ್ಡಗಲ್ಲಿನೊಡನೆ ಉರುಳಿಬಿದ್ದಿತ್ತು. ಇನ್ನಷ್ಟು ಕಲ್ಲುಗಳು ಬೀಳಬಹುದೆಂಬ ಆತಂಕವನ್ನು ಮುಂದೊಡ್ಡಿ ಭೂಮಾಲೀಕ ಸರ್ ಎಡ್ಮಂಡ್ ಆಂಟ್ರೋಬಸ್ ಬೇಲಿ ಹಾಕಿಸಿದರು, ಕಾವಲುಗಾರನನ್ನು ನಿಲ್ಲಿಸಿದರು, ತಲೆಗೆ ಒಂದು ಶಿಲಿಂಗ್ ಪ್ರವೇಶ ಶುಲ್ಕವನ್ನೂ ಗೊತ್ತುಮಾಡಿದರು. ಅಲ್ಲಿಯವರೆಗೆ ಬಂಡಿ ಹೊಡೆದುಕೊಂಡು ಬಂದು, ಕಲ್ಲಿಗೆ ಒರಗಿ ಬುತ್ತಿ ಬಿಚ್ಚಿ, ಮಕ್ಕಳನ್ನು ಬಿದ್ದ ಕಲ್ಲುಗಳ ಮೇಲೆ ಹತ್ತಿಸಿ ಆಡಿಸಿ ಹೋಗುತ್ತಿದ್ದ ಜನರಿಗೆ ಇದು ಹೊಸ ಅನುಭವ. ಈ ಕೌಂಟಿಯ ಹಳೆಯ ತಾಣಗಳ ಕಥೆಯನ್ನು ಹಿಂದಕ್ಕೂ ಮುಂದಕ್ಕೂ ಹಿಡಿದು ನೋಡಿದರೆ ಆ ಬೇಲಿ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಉಳಿಸುವ ಪ್ರತಿಯೊಂದು ಪ್ರಯತ್ನವೂ ಯಾರನ್ನೋ ಒಂದಿಷ್ಟು ದೂರಕ್ಕೆ ಸರಿಸಿದೆ.

ಕೌಂಟಿ ಎಂದೊಡನೆ ನಮ್ಮಲ್ಲಿ ಹಲವರಿಗೆ ಕ್ರಿಕೆಟ್ ನೆನಪಾಗುವುದು ಸಹಜ. ಅದು ಮೂಲತಃ ಜಿಲ್ಲೆಯಂಥ ಒಂದು ಪ್ರಾಂತ್ಯ ವಿಭಾಗ. ವಿಲ್ಟ್‌ಶೈರ್ ದಕ್ಷಿಣ ಇಂಗ್ಲೆಂಡಿನ ಒಳನಾಡು. ಹುಲ್ಲು ಹೊದ್ದ ಸುಣ್ಣಕಲ್ಲಿನ ಬೋಳುದಿಬ್ಬಗಳು, ಕುರಿಗಳು, ಗೋಧಿ ಹೊಲಗಳು, ನಡುನಡುವೆ ಸಣ್ಣ ಊರುಗಳು. ಸ್ವಿಂಡನ್ ಪಟ್ಟಣವನ್ನು ಬಿಟ್ಟರೆ ಹೇಳಿಕೊಳ್ಳುವಂಥ ಕೈಗಾರಿಕೆಯ ಊರಿಲ್ಲ. ಸಾಲಿಸ್‌ಬರಿಯ ಕೆಥೆಡ್ರಲ್ಲಿನ 123 ಮೀಟರ್ ಎತ್ತರದ ಶಿಖರ ಮೈಲಿಗಟ್ಟಲೆ ದೂರಕ್ಕೆ ಕಾಣುವುದು ನೆಲ ಅಷ್ಟು ಬಯಲಾಗಿರುವುದರಿಂದಲೇ. ಉಳುಮೆ ಕಡಿಮೆಯಿದ್ದು ಮೇವಿನ ನೆಲವೇ ಹೆಚ್ಚಾಗಿದ್ದ ಈ ಬಯಲಿನಲ್ಲಿ ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಸಮಾಧಿ ದಿಬ್ಬಗಳು, ಮಣ್ಣಿನ ಒಡ್ಡುಗಳು, ಕಲ್ಲಿನ ವೃತ್ತಗಳು ಅಳಿಯದೆ ಉಳಿದವು.

ಉಳಿದವು ಎಂದರೆ ಯಾರೋ ಉಳಿಸಿದರು ಎಂದಲ್ಲ. ಏವ್‌ಬರಿಯ ವಿಷಯವನ್ನೇ ನೋಡಬಹುದು. ಸ್ಟೋನ್‌ಹೆಂಜ್‌ನಿಂದ ಉತ್ತರಕ್ಕಿರುವ ಈ ಹಳ್ಳಿ ಒಂದು ಬೃಹತ್ ಕಲ್ಲುವೃತ್ತದ ಒಳಗೇ ಬೆಳೆದದ್ದು. ಮನೆ, ಹೋಟೆಲು, ರಸ್ತೆ ಎಲ್ಲವೂ ಕಲ್ಲುಗಳ ನಡುವೆಯೇ ಇದ್ದವು, ಈಗಲೂ ಹಲವು ಇವೆ. ಅದೇ ಕೌಂಟಿಯವನಾದ ಜಾನ್ ಆಬ್ರಿ 1649ರ ಜನವರಿಯಲ್ಲಿ ಬೇಟೆಗೆ ಹೋದವನು ಇದನ್ನು ಕಂಡು ಬೆರಗಾದ. ಊರಿನವರಿಗೆ ಅದು ಹೊಸದೇನಲ್ಲ, ಆದರೆ ಅದೊಂದು ನೋಡತಕ್ಕ ವಸ್ತು ಎಂದು ಬರೆದಿಟ್ಟವನು ಆಬ್ರಿ. ಸಾಮಾನ್ಯ ಇಗರ್ಜಿಯ ಮುಂದೆ ಕೆಥೆಡ್ರಲ್ ಹೇಗೋ ಸ್ಟೋನ್‌ಹೆಂಜ್‌ನ ಮುಂದೆ ಏವ್‌ಬರಿ ಹಾಗೆ ಎಂಬುದು ಅವನ ಹೋಲಿಕೆ. 1663ರಲ್ಲಿ ಎರಡನೆಯ ಚಾರ್ಲ್ಸ್ ದೊರೆಯನ್ನೂ ಅವನು ಅಲ್ಲಿಗೆ ಕರೆದೊಯ್ದು ತೋರಿಸಿದ. ದೊರೆ ಕಂಡು ಹೋದ ಮಾತ್ರಕ್ಕೆ ಕಲ್ಲುಗಳಿಗೆ ರಕ್ಷಣೆ ಸಿಗಲಿಲ್ಲ.

ಹದಿನೆಂಟನೆಯ ಶತಮಾನದ ಆರಂಭದಲ್ಲಿ ಹಳಮೆಯ ಅಧ್ಯಯನಕಾರ ವಿಲಿಯಂ ಸ್ಟಕ್ಲಿ ವರ್ಷವರ್ಷವೂ ಏವ್‌ಬರಿಗೆ ಬಂದು ಅಳತೆ ಮಾಡುತ್ತಿದ್ದಾಗ ಅವನ ಕಣ್ಣೆದುರಿಗೇ ಕಲ್ಲುಗಳು ಪುಡಿಯಾಗುತ್ತಿದ್ದವು. ಕಲ್ಲಿನ ಬುಡದಲ್ಲಿ ಗುಂಡಿ ತೋಡಿ, ಅದರೊಳಗೆ ಕಲ್ಲನ್ನು ಕೆಡವಿ, ಹುಲ್ಲು ಸೌದೆ ಒಟ್ಟಿ ಬೆಂಕಿ ಹಾಕಿ, ಕಾದ ಕಲ್ಲಿನ ಮೇಲೆ ಗೆರೆ ಎಳೆದಂತೆ ತಣ್ಣೀರು ಸುರಿದು, ಸುತ್ತಿಗೆಯಿಂದ ಬಡಿದರೆ ಅದು ಹೋಳಾಗುತ್ತಿತ್ತು. ಹೀಗೆ ಒಡೆದ ಕಲ್ಲು ಹಳ್ಳಿಯ ಮನೆಗಳ ಗೋಡೆಯಾಯಿತು, ಹೊಲದಲ್ಲಿ ಜಾಗ ತೆರವಾಯಿತು. ಸ್ಟಕ್ಲಿ ಒಡೆಯುವವರನ್ನು ಹೆಸರು ಹಿಡಿದು ಬೈದು ಬರೆದಿದ್ದಾನೆ. ಕಲ್ಲಿಲ್ಲದ ಬಯಲಿನಲ್ಲಿ ಮನೆ ಕಟ್ಟಬೇಕಾದವನ ಕಷ್ಟ ಅವನಿಗೆ ಅಷ್ಟಾಗಿ ಹೊಳೆದಂತಿಲ್ಲ. ಅವನು ಅಂದು ಬಿಡಿಸಿಟ್ಟ ನಕ್ಷೆಗಳಿಲ್ಲದಿದ್ದರೆ ಎಲ್ಲೆಲ್ಲಿ ಕಲ್ಲುಗಳಿದ್ದವು ಎಂಬುದರಲ್ಲಿ ಎಷ್ಟೋ ಭಾಗ ನಮಗೆ ಇಂದು ತಿಳಿಯುತ್ತಿರಲಿಲ್ಲ ಎಂಬುದು ಮಾತ್ರ ನಿಜ.

ಇದೇ ಶತಮಾನದಲ್ಲಿ ಶ್ರೀಮಂತರ ತೋಟ ಮತ್ತು ಮಹಲುಗಳನ್ನು ನೋಡಲು ಹೋಗುವ ರೂಢಿ ಬೆಳೆಯಿತು. ಬ್ಯಾಂಕಿನ ಒಡೆಯರಾದ ಹೋರ್ ಮನೆತನ ಸ್ಟೌರ್‌ಹೆಡ್‌ನಲ್ಲಿ ಕಣಿವೆಗೆ ಒಡ್ಡು ಕಟ್ಟಿ ಕೆರೆ ಮಾಡಿಸಿ, ದಂಡೆಯ ಮೇಲೆ ರೋಮನ್ ಮಾದರಿಯ ಗುಡಿಗಳನ್ನು ಎಬ್ಬಿಸಿತು. ಆ ಮನೆತನದ ಸರ್ ರಿಚರ್ಡ್ ಕೋಲ್ಟ್ ಹೋರ್ ಹಣ ಒದಗಿಸಿ, ಉಣ್ಣೆ ವ್ಯಾಪಾರಿ ವಿಲಿಯಂ ಕನ್ನಿಂಗ್‌ಟನ್ ಮುಂದೆ ನಿಂತು ಕೌಂಟಿಯ ನೂರಾರು ಸಮಾಧಿ ದಿಬ್ಬಗಳನ್ನು ಅಗೆಸಿದರು. ಕನ್ನಿಂಗ್‌ಟನ್ ಈ ಕೆಲಸಕ್ಕೆ ಬಿದ್ದದ್ದು ತಲೆನೋವಿನಿಂದ. ಕುದುರೆಯೇರಿ ಬಯಲಿಗೆ ಹೋಗು, ಇಲ್ಲವೇ ಸಾಯಿ ಎಂದು ವೈದ್ಯರು ಹೇಳಿದ್ದರಂತೆ. 1808ರಲ್ಲಿ ಬುಷ್ ಬ್ಯಾರೋ ಎಂಬ ದಿಬ್ಬದಲ್ಲಿ ಸಿಕ್ಕ ಚಿನ್ನದ ತಗಡುಗಳು ಈಗ ಡಿವೈಜಸ್ ಊರಿನ ವಸ್ತುಸಂಗ್ರಹಾಲಯದಲ್ಲಿವೆ. ಅಗೆತದ ಕ್ರಮವನ್ನು ಇಂದಿನ ಪುರಾತತ್ತ್ವಜ್ಞರು ಒಪ್ಪುವುದಿಲ್ಲ, ಆದರೆ ಕೌಂಟಿಯ ಹಳಮೆಗೆ ಒಂದು ದಾಖಲೆ ದೊರೆತದ್ದು ಅಲ್ಲಿಂದಲೇ.

ಕಾನೂನು ಬಂದದ್ದು ಇನ್ನೂ ತಡವಾಗಿ. 1870ರ ದಶಕದ ಆರಂಭದಲ್ಲಿ ಏವ್‌ಬರಿಯ ವೃತ್ತದೊಳಗೆ ಹೊಸ ಮನೆಗಳನ್ನು ಕಟ್ಟುವ ಸಿದ್ಧತೆ ನಡೆದಾಗ, ಬ್ಯಾಂಕರ್ ಮತ್ತು ಸಂಸದ ಜಾನ್ ಲಬ್ಬಕ್ ಆ ಜಾಗವನ್ನೇ ಕೊಂಡು ತಡೆದರು. ಒಬ್ಬೊಬ್ಬರೇ ಹೀಗೆ ಕೊಂಡು ಉಳಿಸುವುದು ಎಷ್ಟು ದಿನ ಸಾಧ್ಯ ಎಂಬ ಯೋಚನೆಯಿಂದ ಅವರು ಸಂಸತ್ತಿನಲ್ಲಿ ಮಸೂದೆಯನ್ನು ಮತ್ತೆ ಮತ್ತೆ ಮಂಡಿಸಿದರು. ಆಸ್ತಿಯ ಹಕ್ಕಿಗೆ ಕೈಹಾಕುವುದೆಂದು ಭೂಮಾಲೀಕ ಸದಸ್ಯರು ಅಷ್ಟೇ ಸಲ ತಡೆದರು. ಕೊನೆಗೆ 1882ರಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣಾ ಕಾಯಿದೆ ಜಾರಿಗೆ ಬಂತು. ಆದರೆ ಮಾಲೀಕ ತಾನಾಗಿ ಒಪ್ಪಿದರೆ ಮಾತ್ರ ಸರ್ಕಾರ ಸ್ಮಾರಕದ ಪಾಲಕನಾಗಬಹುದಿತ್ತು. ಒಪ್ಪದವನ ಮೇಲೆ ಬಲವಂತವಿಲ್ಲ. ಸ್ಟೋನ್‌ಹೆಂಜ್‌ನ ಆಂಟ್ರೋಬಸ್ ಮನೆತನ ಒಪ್ಪಲಿಲ್ಲ. ಲಬ್ಬಕ್ 1900ರಲ್ಲಿ ಪ್ರಭು ಪದವಿ ಪಡೆದಾಗ ಆರಿಸಿಕೊಂಡ ಹೆಸರು ಲಾರ್ಡ್ ಏವ್‌ಬರಿ.

ಈಗ ಮತ್ತೆ 1901ರ ಬೇಲಿಗೆ ಬರೋಣ. ರೈಲು ಸಾಲಿಸ್‌ಬರಿಯನ್ನು ಮುಟ್ಟಿ ಅರ್ಧ ಶತಮಾನ ಕಳೆದಿತ್ತು, ಪ್ರವಾಸಿಗರ ಸಂಖ್ಯೆ ಏರಿತ್ತು, ನೆನಪಿಗೆಂದು ಕಲ್ಲಿನ ಚೂರು ಕೆತ್ತಿಕೊಂಡು ಹೋಗುವವರಿಗೂ ಹೆಸರು ಕೊರೆದು ಹೋಗುವವರಿಗೂ ಕೊರತೆಯಿರಲಿಲ್ಲ. ಸೈನ್ಯ 1897ರಿಂದ ಸಾಲಿಸ್‌ಬರಿ ಬಯಲಿನ ಜಮೀನನ್ನು ಕೊಳ್ಳತೊಡಗಿದ್ದರಿಂದ ಸೈನಿಕರ ಓಡಾಟವೂ ಸೇರಿತ್ತು. ಹಾಗಾಗಿ ಬೇಲಿಗೆ ಕಾರಣವೇ ಇರಲಿಲ್ಲ ಎನ್ನಲಾಗದು. ಅದೇ ವರ್ಷ ವಿಲಿಯಂ ಗೌಲಂಡ್ ಎಂಬ ತಜ್ಞ, ವಾಲಿ ನಿಂತಿದ್ದ ಅತಿ ಎತ್ತರದ ಕಲ್ಲನ್ನು ನೆಟ್ಟಗೆ ಮಾಡಿ ಬುಡಕ್ಕೆ ಕಾಂಕ್ರೀಟು ಹಾಕಿದ್ದನ್ನೂ ಮರೆಯಬಾರದು. ಆದರೆ ಕಲ್ಲುಗಳ ನಡುವೆ ಹಾದುಹೋಗುತ್ತಿದ್ದ ಬಂಡಿದಾರಿಯನ್ನು ಮುಚ್ಚಿದ್ದು ಸರಿಯೇ ಎಂಬ ಪ್ರಶ್ನೆ ನ್ಯಾಯಾಲಯವನ್ನು ಹತ್ತಿತು. 1905ರಲ್ಲಿ ಬಂದ ತೀರ್ಪು ಮಾಲೀಕನ ಪರವಾಗಿತ್ತು: ಜನ ಇಷ್ಟು ಕಾಲ ಬಂದು ಹೋದದ್ದು ಮಾಲೀಕನ ಔದಾರ್ಯದಿಂದ, ಅದರಿಂದ ಸಾರ್ವಜನಿಕ ಹಕ್ಕು ಹುಟ್ಟುವುದಿಲ್ಲ. ತಲೆತಲಾಂತರದ ರೂಢಿಯನ್ನು ಔದಾರ್ಯ ಎಂಬ ಒಂದು ಪದದಲ್ಲಿ ತೊಳೆದುಹಾಕಿದ ಈ ತೀರ್ಪು ಅಂದಿನ ಕಾನೂನಿಗೆ ಒಪ್ಪುವಂಥದ್ದೇ ಇರಬಹುದು; ಇಂದು ಓದಿದಾಗ ಅದರ ಒಣತನವೇ ಎದ್ದು ಕಾಣುತ್ತದೆ.

ಮುಂದಿನ ತಿರುವು ಯುದ್ಧದಿಂದ ಬಂತು. ಆಂಟ್ರೋಬಸ್ ಮನೆತನದ ವಾರಸುದಾರ 1914ರಲ್ಲಿ ರಣರಂಗದಲ್ಲಿ ಮಡಿದ, ಕೆಲವೇ ತಿಂಗಳಲ್ಲಿ ತಂದೆಯೂ ತೀರಿಕೊಂಡರು, ಜಮೀನು ಹರಾಜಿಗೆ ಬಂತು. 1915ರ ಸೆಪ್ಟೆಂಬರ್ 21ರಂದು ಸಾಲಿಸ್‌ಬರಿಯಲ್ಲಿ ನಡೆದ ಹರಾಜಿನಲ್ಲಿ ಸ್ಟೋನ್‌ಹೆಂಜ್ 6,600 ಪೌಂಡಿಗೆ ಸೆಸಿಲ್ ಚಬ್ ಎಂಬ ಸ್ಥಳೀಯ ವಕೀಲರ ಪಾಲಾಯಿತು. ಕುರ್ಚಿ ಕೊಳ್ಳಲು ಹೋದವರು ಕಲ್ಲು ಕೊಂಡು ಬಂದರು ಎಂಬ ಕಥೆ ಆ ಕಡೆ ಇಂದಿಗೂ ಚಾಲ್ತಿಯಲ್ಲಿದೆ. ಮೂರು ವರ್ಷಗಳ ಬಳಿಕ, 1918ರ ಅಕ್ಟೋಬರ್‌ನಲ್ಲಿ, ಚಬ್ ಅದನ್ನು ದೇಶಕ್ಕೆ ದಾನವಾಗಿ ಕೊಟ್ಟರು. ಪ್ರವೇಶ ಶುಲ್ಕ ಒಂದು ಶಿಲಿಂಗನ್ನು ಮೀರಬಾರದೆಂಬುದು ಅವರ ಷರತ್ತುಗಳಲ್ಲಿ ಒಂದು. ಬೆಲೆಯೇರಿಕೆ ಆ ಷರತ್ತನ್ನು ಎಂದೋ ನುಂಗಿಹಾಕಿದೆ. ಸುತ್ತಲಿನ ಊರುಗಳ ನಿವಾಸಿಗಳಿಗೆ ಉಚಿತ ಪ್ರವೇಶದ ಅನುಕೂಲ ಮಾತ್ರ ಇಂದಿಗೂ ಉಳಿದಿದೆ.

ಕಲ್ಲು ಸರ್ಕಾರದ್ದಾಯಿತು, ಕಣ್ಣಿಗೆ ಬೀಳುವ ಸುತ್ತಲಿನ ನೆಲ ಆಗಲಿಲ್ಲ. ಯುದ್ಧಕಾಲದ ವಿಮಾನ ನಿಲ್ದಾಣದ ಕಟ್ಟಡಗಳು ಪಕ್ಕದಲ್ಲೇ ನಿಂತಿದ್ದವು, ಕಾಫಿ ಅಂಗಡಿಯೂ ಬಂತು. 1927ರಲ್ಲಿ ಸಾರ್ವಜನಿಕ ದೇಣಿಗೆ ಎತ್ತಿ ಸುತ್ತಲಿನ ಜಮೀನನ್ನು ಕೊಂಡು ಹಳೆಯ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಒಪ್ಪಿಸುವ ಕೆಲಸ ಆರಂಭವಾಯಿತು. ತಾಣವೆಂದರೆ ಅದರ ಬಯಲೂ ಸೇರಿ ಎಂಬ ತಿಳಿವಳಿಕೆ ಬೇರೂರಿದ್ದು ಆಗಲೇ.

ಏವ್‌ಬರಿಯಲ್ಲಿ ಇದೇ ತಿಳಿವಳಿಕೆ ಹಳ್ಳಿಯ ಮೇಲೆಯೇ ಬಂತು. ಮಾರ್ಮಲೇಡ್ ವ್ಯಾಪಾರದ ಮನೆತನದಲ್ಲಿ ಹುಟ್ಟಿದ ಅಲೆಕ್ಸಾಂಡರ್ ಕೀಲರ್ 1924ರಲ್ಲಿ ಹತ್ತಿರದ ವಿಂಡ್‌ಮಿಲ್ ಹಿಲ್ ದಿಬ್ಬವನ್ನು ಕೊಂಡರು, ಅಲ್ಲಿ ರೇಡಿಯೋ ಗೋಪುರ ಏಳುವುದನ್ನು ತಪ್ಪಿಸಿದರು. 1930ರ ದಶಕದಲ್ಲಿ ಏವ್‌ಬರಿಯನ್ನೂ ಬಹುಮಟ್ಟಿಗೆ ಕೊಂಡು, ಮಣ್ಣಿನಡಿ ಹೂತಿದ್ದ ಕಲ್ಲುಗಳನ್ನು ಎಬ್ಬಿಸಿ ನಿಲ್ಲಿಸಿದರು, ಕಲ್ಲು ಇಲ್ಲವಾದ ಕಡೆ ಕಾಂಕ್ರೀಟಿನ ಗುರುತುಗಂಬ ನೆಟ್ಟರು. 1938ರಲ್ಲಿ ಹೀಗೆ ಎಬ್ಬಿಸಿದ ಒಂದು ಕಲ್ಲಿನಡಿ ಹದಿನಾಲ್ಕನೆಯ ಶತಮಾನದ ಒಬ್ಬನ ಅಸ್ಥಿಪಂಜರ, ಅವನ ಬಳಿಯಿದ್ದ ನಾಣ್ಯಗಳು ಮತ್ತು ಕತ್ತರಿ ಸಿಕ್ಕವು. ಅವನೊಬ್ಬ ಕ್ಷೌರಿಕ ವೈದ್ಯನಿರಬೇಕೆಂದು ಊಹಿಸಲಾಯಿತು. ಮತ್ತೊಂದು ಕಡೆ, ವೃತ್ತದೊಳಗಿನ ಹಲವು ಮನೆ ಕೊಟ್ಟಿಗೆಗಳು ನೆಲಸಮವಾದವು, ವಾಸವಿದ್ದವರು ಹೊರಗೆ ಹೋಗಬೇಕಾಯಿತು. ಎರಡು ಶತಮಾನಗಳ ಹಿಂದೆ ಮನೆಗಾಗಿ ಕಲ್ಲು ಒಡೆದರು. ಈಗ ಕಲ್ಲಿಗಾಗಿ ಮನೆ ಒಡೆದರು. ಕೀಲರ್ 1943ರಲ್ಲಿ ಜಾಗವನ್ನು ಕೃಷಿ ಭೂಮಿಯ ಬೆಲೆಗೆ ನ್ಯಾಷನಲ್ ಟ್ರಸ್ಟ್‌ಗೆ ಮಾರಿದರು.

ಮಹಲುಗಳ ಕಥೆ ಚುಟುಕಾಗಿ ಮುಗಿಯುವಂಥದ್ದು: ತೆರಿಗೆ ಬಾಗಿಲು ತೆರೆಸಿತು. ವಾರಸು ತೆರಿಗೆಯ ಭಾರ ತಾಳಲಾರದೆ ಬಾತ್ ಮಾರ್ಕ್ವಿಸ್ ಮನೆತನ 1949ರಲ್ಲಿ ಲಾಂಗ್‌ಲೀಟ್ ಮಹಲನ್ನು ಟಿಕೆಟ್ಟು ಇಟ್ಟು ತೆರೆಯಿತು, 1966ರಲ್ಲಿ ತೋಟದಲ್ಲಿ ಸಿಂಹಗಳನ್ನೂ ತಂದು ಬಿಟ್ಟಿತು. ಸ್ಟೌರ್‌ಹೆಡ್ 1946ರಲ್ಲಿ ನ್ಯಾಷನಲ್ ಟ್ರಸ್ಟ್ ಸೇರಿತು. ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1835ರಲ್ಲಿ ತನ್ನ ಮನೆಯ ಕಿಟಕಿಯನ್ನು ಛಾಯಾಚಿತ್ರದ ನೆಗೆಟಿವ್‌ನಲ್ಲಿ ಹಿಡಿದ ಲೇಕಾಕ್, 1944ರಲ್ಲಿ ಹಳ್ಳಿಯ ಸಮೇತ ಅದೇ ಸಂಸ್ಥೆಗೆ ಸೇರಿತು.

ಇಂಬರ್ ಹಳ್ಳಿಯದು ಇವೆಲ್ಲಕ್ಕಿಂತ ವಿಚಿತ್ರ. ಸಾಲಿಸ್‌ಬರಿ ಬಯಲಿನ ನಡುವಿನ ಈ ಊರಿನವರನ್ನು 1943ರ ನವೆಂಬರ್ 1ರಂದು ಶಾಲೆಯ ಕೋಣೆಗೆ ಕರೆಸಿ, ಅಮೆರಿಕನ್ ಸೈನಿಕರ ತರಬೇತಿಗೆ ಊರು ಬೇಕಾಗಿದೆ, 47 ದಿನಗಳಲ್ಲಿ ತೆರವು ಮಾಡಿ ಎಂದು ಸೈನ್ಯ ಹೇಳಿತು. ಯುದ್ಧ ಮುಗಿದ ಮೇಲೆ ಮರಳಬಹುದೆಂದು ನಂಬಿ ಹೋದವರು ಮರಳಲೇ ಇಲ್ಲ. 1961ರಲ್ಲಿ ಸಾವಿರಾರು ಜನ ಮೆರವಣಿಗೆ ಹೋಗಿ ಪ್ರತಿಭಟಿಸಿದರೂ ಊರು ಸೈನ್ಯದ ವಶದಲ್ಲೇ ಉಳಿಯಿತು. ಇಗರ್ಜಿಯೊಂದು ಇಂದಿಗೂ ಸುಸ್ಥಿತಿಯಲ್ಲಿದೆ. ವರ್ಷದಲ್ಲಿ ಬೆರಳೆಣಿಕೆಯ ದಿನ ಜನರನ್ನು ಒಳಬಿಡುತ್ತಾರೆ, ಬೇಸಿಗೆಯ ಒಂದು ದಿನ ಲಂಡನ್ನಿನ ಕೆಂಪು ಡಬಲ್ ಡೆಕ್ಕರ್ ಬಸ್ಸುಗಳು ಆ ಬಯಲಿಗೆ ಓಡುತ್ತವೆ. ಬೇರೆಡೆ ಪ್ರವಾಸಿಗರನ್ನು ತಡೆಯಲೆಂದು ಬೇಲಿ ಬಂದರೆ, ಇಲ್ಲಿ ಬೇಲಿಯೇ ಪ್ರವಾಸಿಗರನ್ನು ಕರೆತಂದಿದೆ.

ಸ್ಟೋನ್‌ಹೆಂಜ್‌ನ ಕಲ್ಲುಗಳ ಬಳಿಗೆ ನಡೆದುಹೋಗುವ ಅವಕಾಶ 1970ರ ದಶಕದ ಕೊನೆಯಲ್ಲಿ ನಿಂತಿತು. ಲಕ್ಷಾಂತರ ಕಾಲುಗಳ ತುಳಿತಕ್ಕೆ ಹುಲ್ಲೂ ನೆಲವೂ ಸವೆದಿದ್ದವು, ಆದ್ದರಿಂದ ಹಗ್ಗ ಕಟ್ಟಲಾಯಿತು. ಅದೇ ಕಾಲಕ್ಕೆ, 1974ರಿಂದ, ಬೇಸಿಗೆಯ ಅತಿ ದೀರ್ಘ ಹಗಲಿನ ದಿನದ ಸುತ್ತ ಅಲ್ಲಿ ಟಿಕೆಟ್ಟಿಲ್ಲದ ಸಂಗೀತ ಉತ್ಸವ ನಡೆಯುತ್ತಿತ್ತು. 1985ರಲ್ಲಿ ಅದನ್ನು ನಿಷೇಧಿಸಲಾಯಿತು. ಜೂನ್ 1ರಂದು ಅಲ್ಲಿಗೆ ಹೊರಟ ವಾಹನಗಳ ಸಾಲನ್ನು ಪೊಲೀಸರು ತಡೆದು, ಹುರುಳಿಕಾಳಿನ ಜಾತಿಯ ಬೆಳೆಯಿದ್ದ ಹೊಲವೊಂದರಲ್ಲಿ ಮುತ್ತಿ, 500ಕ್ಕೂ ಹೆಚ್ಚು ಜನರನ್ನು ಬಂಧಿಸಿದರು. ಮುಂದೆ ಪ್ರತಿ ಜೂನ್‌ನಲ್ಲೂ ಕಲ್ಲುಗಳ ಸುತ್ತ ಮೈಲಿಗಟ್ಟಲೆ ನಿರ್ಬಂಧ ಹೇರುವುದು ರೂಢಿಯಾಯಿತು. 1999ರಲ್ಲಿ, ಆಗ ದೇಶದ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್, ರಸ್ತೆಯ ಬದಿಯಲ್ಲಿ ಯಾರಿಗೂ ಅಡ್ಡಿಯಾಗದಂತೆ ಶಾಂತಿಯಿಂದ ಸೇರುವುದು ಅತಿಕ್ರಮವಾಗಬೇಕಿಲ್ಲ ಎಂದಿತು. 2000ದಿಂದ ಆ ಅತಿ ದೀರ್ಘ ಹಗಲಿನ ಹಿಂದಿನ ರಾತ್ರಿ ಕಲ್ಲುಗಳ ನಡುವೆ ಜನರನ್ನು ಮತ್ತೆ ಬಿಡುತ್ತಿದ್ದಾರೆ.

ಸ್ಟೋನ್‌ಹೆಂಜ್ ಮತ್ತು ಏವ್‌ಬರಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ತಕರಾರು ರಸ್ತೆಗಳ ಕಡೆಗೆ ತಿರುಗಿತು. ಕಲ್ಲುಗಳ ಮಗ್ಗುಲಿಗೇ ಹಾದಿದ್ದ ಎ344 ರಸ್ತೆಯನ್ನು 2013ರಲ್ಲಿ ಮುಚ್ಚಿ ಹುಲ್ಲು ಬೆಳೆಸಿದರು, ಸಂದರ್ಶಕರ ಕೇಂದ್ರವನ್ನು ಎರಡು ಕಿಲೋಮೀಟರಿಗೂ ಆಚೆ ಕಟ್ಟಿದರು. ದಕ್ಷಿಣಕ್ಕಿರುವ ಎ303 ಹೆದ್ದಾರಿಯನ್ನು ಮೂರು ಕಿಲೋಮೀಟರಿಗೂ ಉದ್ದದ ಸುರಂಗಕ್ಕೆ ಇಳಿಸುವ ಯೋಜನೆಗೆ 2020ರಲ್ಲಿ ಅನುಮತಿ ಸಿಕ್ಕಿತು, 2021ರಲ್ಲಿ ಹೈಕೋರ್ಟ್ ಅದನ್ನು ರದ್ದುಮಾಡಿತು, 2023ರಲ್ಲಿ ಮತ್ತೆ ಅನುಮತಿ ಬಂತು, 2024ರ ಜುಲೈನಲ್ಲಿ ಹೊಸ ಸರ್ಕಾರ ಖರ್ಚಿನ ಕಾರಣ ಕೊಟ್ಟು ಕೈಬಿಟ್ಟಿತು. ಸುರಂಗದ ಬಾಯಿಗಳಿಗಾಗಿ ಅಗೆಯುವ ನೆಲದಲ್ಲಿ ಪುರಾತನ ಅವಶೇಷಗಳು ಹಾಳಾಗುತ್ತವೆ ಎಂಬುದು ವಿರೋಧಿಗಳ ಮುಖ್ಯ ವಾದವಾಗಿತ್ತು. ಅದರ ಜೊತೆಗೇ ಕೇಳಿಬಂದ ಇನ್ನೊಂದು ಆಕ್ಷೇಪ ಚಿಕ್ಕದು, ಆದರೆ 1901ರಿಂದ ಬಂದದ್ದು: ಹೆದ್ದಾರಿ ನೆಲದಡಿಗೆ ಹೋದರೆ, ಟಿಕೆಟ್ಟು ಕೊಳ್ಳದವರಿಗೆ ಕಾರಿನ ಕಿಟಕಿಯಿಂದ ಸಿಗುವ ನೋಟವೂ ಹೋಗುತ್ತದೆ. ಸದ್ಯಕ್ಕೆ ಅದು ಹೋಗಿಲ್ಲ. ರಜಾದಿನಗಳಲ್ಲಿ ಎ303ರ ಮೇಲೆ ವಾಹನಗಳು ಆಮೆಯಂತೆ ತೆವಳುತ್ತವೆ, ಕೂಗಳತೆಯಲ್ಲಿ ಕಲ್ಲುಗಳು ನಿಂತಿರುತ್ತವೆ, ಚಾಲಕರು ನೋಡಲೆಂದು ಇನ್ನಷ್ಟು ನಿಧಾನಿಸುತ್ತಾರೆ, ಹಿಂದಿನವರು ಹಾರ್ನ್ ಒತ್ತುತ್ತಾರೆ.