ಎಣ್ಣೆ ಒಲ್ಲದ ಬುಷ್

ಹಳೆಯ ಕಾರಿನ ಮುಂಭಾಗ ಕಿರುಗುಟ್ಟಿದೊಡನೆ ಎಣ್ಣೆಯ ಡಬ್ಬಿ ಹುಡುಕುವವರನ್ನು ಕಂಡರೆ ನನಗೆ ಅಸಹನೆಯಾಗುತ್ತದೆ. ಎರಡು ದಿನ ಸದ್ದು ಅಡಗುವುದೇನೋ ನಿಜ. ಆದರೆ ಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ಸಸ್ಪೆನ್ಷನ್ ತೋಳನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಬುಷ್ ಎಂಬ ಕೊಳವೆಯಾಕಾರದ ಕೀಲಿನಲ್ಲಿರುವ ನೈಸರ್ಗಿಕ ರಬ್ಬರ್ ಪೆಟ್ರೋಲಿಯಂ ಎಣ್ಣೆಯನ್ನು ಹೀರಿ ಉಬ್ಬುತ್ತದೆ, ಮೆತ್ತಗಾಗುತ್ತದೆ, ಕೊನೆಗೆ ಹರಿದುಹೋಗುತ್ತದೆ.

ಈ ಅಭ್ಯಾಸ ಎಲ್ಲಿಂದ ಬಂದಿತೆಂದು ಊಹಿಸುವುದು ಕಷ್ಟವಲ್ಲ. ಹಿಂದಿನ ಕಾರುಗಳಲ್ಲಿ ಇದೇ ಜಾಗದಲ್ಲಿ ಲೋಹದ ಪಿನ್ನು ಲೋಹದ ಬುಷ್‌ನೊಳಗೆ ಜಾರುತ್ತ ತಿರುಗುತ್ತಿತ್ತು, ಪದೇ ಪದೇ ಗ್ರೀಸ್ ಉಣಿಸದಿದ್ದರೆ ಸವೆಯುತ್ತಿತ್ತು. ಗಂಧಕ ಬೆರೆಸಿ ಕಾಯಿಸಿದ ರಬ್ಬರ್ ಸೆಕೆಗೆ ಅಂಟಾಗದೆ, ಚಳಿಗೆ ಸೆಟೆಯದೆ ಉಳಿಯುತ್ತದೆಂದು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡು 1844ರಲ್ಲಿ ಪೇಟೆಂಟ್ ಪಡೆದಿದ್ದನಾದರೂ, ಆ ರಬ್ಬರನ್ನು ಎರಡು ಉಕ್ಕಿನ ಕೊಳವೆಗಳ ನಡುವೆ ಬೆಸೆದು ಕಾರಿನ ಕೀಲಾಗಿ ಬಳಸುವ ಜಾಣ್ಮೆ ಮೂಡಿದ್ದು 20ನೆಯ ಶತಮಾನದಲ್ಲಿ.

ಇಂತಹ ಬುಷ್‌ನಲ್ಲಿ ಯಾವುದೂ ಜಾರುವುದಿಲ್ಲ. ಒಳಗಿನ ಕೊಳವೆಯನ್ನು ಬೋಲ್ಟು ಕಚ್ಚಿ ಹಿಡಿದಿರುತ್ತದೆ, ಹೊರಗಿನ ಕೊಳವೆ ತೋಳಿನೊಂದಿಗೆ ಹೊರಳುತ್ತದೆ, ನಡುವಿನ ರಬ್ಬರ್ ಒದ್ದೆ ಬಟ್ಟೆಯಂತೆ ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಬಾಗಿಲಿನ ತಿರುಗಣಿಗಿಂತ ನಮ್ಮ ಕತ್ತಿಗೇ ಇದು ಹೆಚ್ಚು ಹತ್ತಿರ: ಹೆಗಲು ಕದಲದಿದ್ದರೂ ತಲೆ ಹೊರಳುತ್ತದೆ, ನಡುವಿನ ಸ್ನಾಯುಗಳು ಹುರಿಗೊಳ್ಳುತ್ತವೆ. ಆದ್ದರಿಂದಲೇ ಹೊಸ ಬುಷ್‌ನ ಬೋಲ್ಟನ್ನು ಚಕ್ರ ಗಾಳಿಯಲ್ಲಿ ಜೋತಾಡುತ್ತಿರುವಾಗ ಬಿಗಿಯಬಾರದು. ಬಿಗಿದರೆ, ಕಾರು ನೆಲಕ್ಕಿಳಿದು ತೋಳು ಮೇಲೇರಿದ ಕ್ಷಣದಿಂದಲೇ ರಬ್ಬರ್ ನಿಂತಲ್ಲೂ ತಿರುಚಿಕೊಂಡಿರುತ್ತದೆ. ಕತ್ತು ಹೊರಳಿಸಿಕೊಂಡೇ ಇರುಳೆಲ್ಲ ಮಲಗಿದವನ ಪಾಡು ಅದರದು. ಬೋಲ್ಟನ್ನು ಮೊದಲು ಸಡಿಲವಾಗಿ ಹಾಕಿ, ಭಾರವೆಲ್ಲ ಚಕ್ರಗಳ ಮೇಲೆ ಕೂತ ನಂತರವೇ ತಯಾರಕರು ಹೇಳಿದ ಟಾರ್ಕ್‌ಗೆ, ಅಂದರೆ ತಿರುಗಿಸುವ ಬಲದ ಅಳತೆಗೆ, ಬಿಗಿಯಬೇಕು. (ಪಾಲಿಯುರೆಥೇನ್ ಎಂಬ ಕೃತಕ ವಸ್ತುವಿನ ಬುಷ್‌ಗಳದು ಬೇರೆಯೇ ಜಾತಿ, ಅವುಗಳಿಗೆ ತಯಾರಕರು ಸೂಚಿಸಿದ ಗ್ರೀಸ್ ಹಾಕಬೇಕಾಗುತ್ತದೆ.)

ತೋಳನ್ನು ಚಕ್ರದ ಕಡೆಗೆ ಜೋಡಿಸುವ ಬಾಲ್ ಜಾಯಿಂಟ್ ಮತ್ತು ಸ್ಟಿಯರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್ ತುದಿಗಳಲ್ಲಿ ಲೋಹದ ಗುಂಡು ನಿಜಕ್ಕೂ ಜಾರುವುದರಿಂದ ಅಲ್ಲಿ ಗ್ರೀಸ್ ಇರಲೇಬೇಕು. ಅದನ್ನು ಕಾಯುವ ರಬ್ಬರ್ ಟೊಪ್ಪಿಗೆ ಸೀಳಿತೆಂದರೆ ನೀರೂ ಮರಳೂ ಒಳಹೊಕ್ಕು ಗ್ರೀಸನ್ನೇ ಸಾಣೆಯ ಲೇಪವಾಗಿಸುತ್ತವೆ. ಕಾರನ್ನು ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ ಚಕ್ರವನ್ನು ಎಡಬಲಗಳಲ್ಲಿ ಹಿಡಿದು ಅಲುಗಿಸಿದಾಗ ಲೊಟಕ್ಕೆಂದರೆ ಟೈ ರಾಡ್ ತುದಿಯನ್ನು ಸಂಶಯಿಸಬೇಕು. ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಸಡಿಲ ಕಂಡರೆ ಬಾಲ್ ಜಾಯಿಂಟ್ ಅಥವಾ ಚಕ್ರದ ಬೇರಿಂಗನ್ನು.

ಇವು ಸವೆದಿರುವಾಗ ಮಾಡಿಸುವ ಅಲೈನ್‌ಮೆಂಟ್ (ಚಕ್ರಗಳ ಕೋನದ ಹೊಂದಾಣಿಕೆ) ಕಾರು ರಸ್ತೆಗಿಳಿದ ಕೂಡಲೇ ಕದಲುತ್ತದೆ. ಚಕ್ರವೊಂದು ಸಾಗುವ ದಿಕ್ಕಿಗೆ 1 ಡಿಗ್ರಿ ಓರೆಯಾಗಿದ್ದರೆ, ಪ್ರತಿ ಕಿಲೋಮೀಟರಿಗೆ ಟೈರು ಸುಮಾರು 17 ಮೀಟರಿನಷ್ಟು ಅಡ್ಡಕ್ಕೆ ಉಜ್ಜುತ್ತದೆ. ನಿಂತ ಕಾರಿನ ಟೈರಿನ ಮೇಲೆ ಅಂಗೈಯನ್ನು ಅಡ್ಡಲಾಗಿ ಸವರಿ ನೋಡಿ: ಹೋಗುವಾಗ ನುಣುಪಾಗಿದ್ದು ಬರುವಾಗ ಗರಗಸದ ಹಲ್ಲಿನಂತೆ ತಡೆದರೆ, ಆ ಉಜ್ಜಾಟ ಆಗಲೇ ಶುರುವಾಗಿದೆ.