ವಿಜ್ಞಾನ ಓದಿಗೆ ಪ್ರೋತ್ಸಾಹ: ಮೈಸೂರು–ಮಂಡ್ಯ ಸೀಮೆಯಲ್ಲಿ ಅದು ಸಾಗಿ ಬಂದ ದಾರಿ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದೊಡನೆ ಮೈಸೂರು, ಮಂಡ್ಯದ ಮನೆಗಳಲ್ಲಿ ಪಿಯುಸಿಯಲ್ಲಿ ಭೌತ, ರಸಾಯನ, ಗಣಿತದ ಜೊತೆ ಜೀವಶಾಸ್ತ್ರವಿರುವ ಪಿಸಿಎಂಬಿಯೋ ಕಂಪ್ಯೂಟರ್ ವಿಜ್ಞಾನವಿರುವ ಪಿಸಿಎಂಸಿಯೋ ಎಂಬ ಚರ್ಚೆ ಶುರುವಾಗುತ್ತದೆ. ಮಕ್ಕಳು ವಿಜ್ಞಾನ ಓದಲಿ ಎಂಬ ಹಂಬಲ ಈ ಸೀಮೆಗೆ ಹೊಸದಲ್ಲ. ಓದಿ ಏನಾಗಬೇಕು ಎಂಬುದು ಮಾತ್ರ ಕಾಲಕಾಲಕ್ಕೆ ಬದಲಾಗಿದೆ.

ಆ ಹಂಬಲಕ್ಕೆ ನೆಲೆಯಾದ ತಂತ್ರಜ್ಞಾನವೂ ಸಂಸ್ಥೆಗಳೂ ಇಲ್ಲಿ ಒಂದೊಂದಾಗಿ ಬಂದವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, 1962ರಲ್ಲಿ ಮಂಡ್ಯದಲ್ಲಿ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ಬಂದವು.

1990ರ ದಶಕದಲ್ಲಿ ಸಿಇಟಿ (ಸಾಮಾನ್ಯ ಪ್ರವೇಶ ಪರೀಕ್ಷೆ) ಮೂಲಕ ಸೀಟು ಹಂಚುವ ವ್ಯವಸ್ಥೆ ನೆಲೆಗೊಂಡದ್ದು ದೊಡ್ಡ ತಿರುವು. ಡೊನೇಷನ್ ಕಟ್ಟಲಾಗದ ಮದ್ದೂರು, ಮಳವಳ್ಳಿಯ ರೈತರ ಮಕ್ಕಳಿಗೂ ರ‍್ಯಾಂಕಿನ ಬಲದಿಂದ ಎಂಜಿನಿಯರಿಂಗ್ ಸೀಟು ದಕ್ಕುವಂತಾಯಿತು. ಆ ಉಪಕಾರವನ್ನು ಯಾರೂ ಅಲ್ಲಗಳೆಯಲಾಗದು. ಅದೇ ಹೊತ್ತಿನಲ್ಲಿ ಐಟಿ ಉದ್ಯೋಗಗಳೂ ಬೆಳೆದವು. ಆದರೆ ಒಂದೊಂದು ವಿಷಯಕ್ಕೆ 80 ನಿಮಿಷದಲ್ಲಿ 60 ಪ್ರಶ್ನೆ ಬಿಡಿಸುವ ಪರೀಕ್ಷೆಯೇ ಗುರಿಯಾದ ಮೇಲೆ, ಪಿಯುಸಿಯ ಎರಡು ವರ್ಷಗಳು ಕೋಚಿಂಗಿಗೆ ಮೀಸಲಾಗಿ, ಪ್ರಯೋಗಾಲಯ ಹಿಂದೆ ಸರಿಯಿತು. ಬ್ಯುರೆಟ್ಟೆಂಬ ಅಳತೆಯ ಗಾಜಿನ ನಳಿಕೆಯಿಂದ ನೇರಳೆ ಬಣ್ಣದ ಪರ್ಮಾಂಗನೇಟ್ ದ್ರಾವಣ ಹನಿಹನಿಯಾಗಿ ಬಿದ್ದು, ಕೊನೆಯ ಒಂದೇ ಹನಿಗೆ ಆಕ್ಸಾಲಿಕ್ ಆಮ್ಲದ ದ್ರಾವಣ ತಿಳಿಗುಲಾಬಿಯಾಗಿ ನಿಲ್ಲುವುದನ್ನು ಕಣ್ಣಾರೆ ಕಂಡ ವಿದ್ಯಾರ್ಥಿಗೆ ರಸಾಯನಶಾಸ್ತ್ರ ಅರ್ಥವಾಗುವ ಬಗೆಯೇ ಬೇರೆ. ಪ್ರಾಯೋಗಿಕ ಪರೀಕ್ಷೆಗೆ 30 ಅಂಕವೇನೋ ಇದೆ. ಆದರೆ ರೆಕಾರ್ಡ್ ಪುಸ್ತಕದಲ್ಲಿ ಅಳತೆಗಳನ್ನು ನೋಡಿ ಬರೆದುಕೊಂಡವರಿಗೆ ಆ ಅನುಭವ ಸಿಕ್ಕಿರುವುದಿಲ್ಲ.

ಮೂಲವಿಜ್ಞಾನಕ್ಕೆ ಮಕ್ಕಳು ಬರುತ್ತಿಲ್ಲ ಎಂಬ ಆತಂಕದಿಂದ ಹುಟ್ಟಿದ ಯೋಜನೆಗಳೂ ಇವೆ. 1999ರಲ್ಲಿ ಆರಂಭವಾದ ವಿದ್ಯಾರ್ಥಿವೇತನದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ 2022ರಲ್ಲಿ ಕೇಂದ್ರ ಸರ್ಕಾರದ ಇನ್ನೊಂದು ಯೋಜನೆಯಾದ ಇನ್‌ಸ್ಪೈರ್‌ನೊಳಗೆ ಸೇರಿತು. 2008ರಲ್ಲಿ ಪ್ರಾರಂಭವಾದ ಇನ್‌ಸ್ಪೈರ್, ಮೂಲವಿಜ್ಞಾನದ ಪದವಿಗೆ ಸೇರುವ ಪ್ರತಿಭಾವಂತರಿಗೆ ವರ್ಷಕ್ಕೆ 80,000 ರೂಪಾಯಿಯವರೆಗೆ ನೆರವು ನೀಡುತ್ತದೆ. ಬಿಎಸ್‌ಸಿ ಎಂದರೆ ಸೀಟು ಸಿಗದವರ ಪಾಲು ಎಂಬ ಭಾವನೆಯನ್ನು ಅಳಿಸಲು ಇಂಥ ನೆರವು ಅಗತ್ಯವೇ. ಆದರೂ ಅದು ಕೈಸೇರುವುದು ಪಿಯುಸಿ ಮುಗಿದ ಮೇಲೆ. ಅಷ್ಟರಲ್ಲಿ ಹೆಚ್ಚಿನ ಮನೆಗಳಲ್ಲಿ ನಿರ್ಧಾರ ಆಗಿಹೋಗಿರುತ್ತದೆ.

ಇನ್‌ಸ್ಪೈರ್‌ನದೇ ಶಾಲಾ ವಿಭಾಗವಾದ ಮಾನಕ್, ಆಯ್ಕೆಯಾದ ವಿದ್ಯಾರ್ಥಿಗೆ ಮಾದರಿ ತಯಾರಿಸಲು 10,000 ರೂಪಾಯಿ ಕೊಡುತ್ತದೆ. ಅದು ಒಂದು ಮಗುವಿನ ಯೋಚನೆಗೆ ಸಲ್ಲುವ ಹಣ. ತರಗತಿಯ ಎಲ್ಲ ಮಕ್ಕಳೂ ಮುಟ್ಟಿ ನೋಡಬಹುದಾದ ಪ್ರಯೋಗಾಲಯ, ಅದನ್ನು ವಾರವಾರವೂ ತೆರೆಯಲು ಬಿಡುವಿರುವ ಶಿಕ್ಷಕರು ಹಳ್ಳಿಯ ಪ್ರೌಢಶಾಲೆಗೆ ಮೊದಲು ಬೇಕಾಗಿದ್ದಾರೆ.