ಪದ ಪರಿಚಯ: ಸೌರ ಜ್ವಾಲೆಯ ಹಾರ್ಡ್ ಎಕ್ಸ್-ರೇ

ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 42 ಡಿಗ್ರಿ ಮುಟ್ಟಿದರೆ ಚಹಾದಂಗಡಿಯಲ್ಲಿ ಒಬ್ಬರಾದರೂ ಈ ಮಾತು ತೆಗೆಯುತ್ತಾರೆ: “ಸೂರ್ಯನ ಮ್ಯಾಗ ಏನೋ ಸಿಡದೈತಂತ್ರಿ, ಅದಕ್ಕ ಇಷ್ಟ್ ಬಿಸಲು.” ಸಿಡಿದಿರಬಹುದು. ಆದರೆ ಈ ಬಿಸಿಲಿಗೂ ಅದಕ್ಕೂ ಸಂಬಂಧವಿಲ್ಲ. ಸೂರ್ಯನ ಮೇಲಿನ ಇಂಥ ಸಿಡಿತವೇ ಸೌರ ಜ್ವಾಲೆ. ದೊಡ್ಡ ಜ್ವಾಲೆ ಎದ್ದಾಗಲೂ ಸೂರ್ಯನಿಂದ ಬರುವ ಒಟ್ಟು ಬೆಳಕು ಸಾವಿರದಲ್ಲಿ ಒಂದು ಪಾಲಿನಷ್ಟೂ ಹೆಚ್ಚುವುದಿಲ್ಲ. ಜಾಸ್ತಿಯಾಗುವುದು ಎಕ್ಸ್-ರೇ. ಅದು ಕೆಲವೇ ನಿಮಿಷಗಳಲ್ಲಿ ನೂರಾರು ಪಟ್ಟು ಏರಬಹುದು. ಏರಿದರೂ ನೆಲದವರೆಗೆ ಬರುವುದಿಲ್ಲ, ಮೇಲಿನ ವಾತಾವರಣವೇ ಅದನ್ನು ನುಂಗಿಬಿಡುತ್ತದೆ.

ಈ ಎಕ್ಸ್-ರೇಯಲ್ಲಿ ಎರಡು ಬಗೆ. ಸಾಫ್ಟ್ ಎಕ್ಸ್-ರೇ ಹುಟ್ಟುವುದು ಶಾಖದಿಂದ. ಸೂರ್ಯನ ಕಣ್ಣಿಗೆ ಕಾಣುವ ಮೇಲ್ಮೈ ಸುಮಾರು 5,500 ಡಿಗ್ರಿ ಇದ್ದರೆ, ಜ್ವಾಲೆಯೊಳಗಿನ ಅನಿಲ ಒಂದೆರಡು ಕೋಟಿ ಡಿಗ್ರಿಗೆ ಕಾಯುತ್ತದೆ. ಹಾರ್ಡ್ ಎಕ್ಸ್-ರೇ ಇನ್ನೂ ಖಾರ. ಕಿರಣದ ಒಂದೊಂದು ಕಣದ ಶಕ್ತಿಯನ್ನು ಎಲೆಕ್ಟ್ರಾನ್ ವೋಲ್ಟ್ ಎಂಬ ಮಾನದಲ್ಲಿ ಅಳೆಯುತ್ತಾರೆ; ಹಾರ್ಡ್ ಅಂದರೆ ಸುಮಾರು 20 ಕಿಲೋ (20 ಸಾವಿರ) ಎಲೆಕ್ಟ್ರಾನ್ ವೋಲ್ಟ್‌ನಿಂದ ಮೇಲಿನದ್ದು ಅಂತ ಇಟ್ಟುಕೊಳ್ಳಿ. ಕಾಣುವ ಬೆಳಕಿನದು ಎರಡು ಮೂರು ಎಲೆಕ್ಟ್ರಾನ್ ವೋಲ್ಟ್ ಅಷ್ಟೇ. ಹಾರ್ಡ್ ಎಕ್ಸ್-ರೇಗೆ ಮುಖ್ಯ ಕಾರಣ ಶಾಖವಲ್ಲ, ವೇಗ.

ಶಾಖ ಬೇರೆ, ವೇಗ ಬೇರೆ ಹೇಗೆ? ಡೋಣಿ ಸೀಮೆಯ ಜೋಳದ ಹೊಲದಲ್ಲಿ ಬಿಸಿಲಿಗೆ ಬಿದ್ದ ಕಲ್ಲು ಕಾಲು ಸುಡುವಷ್ಟು ಕಾದಿರುತ್ತದೆ, ಆದರೆ ಬಿದ್ದಲ್ಲೇ ಬಿದ್ದಿರುತ್ತದೆ. ತೆನೆ ಹಾಲು ತುಂಬಿದಾಗ ಅದೇ ಕಲ್ಲನ್ನು ಕವಣೆಗೆ ಹಾಕಿ ಬೀಸಿದರೆ ಗುಂಯ್ ಅಂತ ಹೋಗಿ ಹಕ್ಕಿ ಹಿಂಡನ್ನು ಎಬ್ಬಿಸುತ್ತದೆ. ಸೌರ ಜ್ವಾಲೆಯಲ್ಲಿ ಕವಣೆಯ ಕೆಲಸ ಮಾಡುವುದು ಕಾಂತಕ್ಷೇತ್ರ. ಸೂರ್ಯನ ಕಲೆಗಳ ಮೇಲೆ ಕಾಂತರೇಖೆಗಳು ಕಮಾನು ಕಮಾನಾಗಿ ಎದ್ದಿರುತ್ತವೆ. ಕೆಳಗಿನ ಅನಿಲ ಹೊರಳಾಡಿದ ಹಾಗೆ ಅವು ತಿರುಚಿಕೊಳ್ಳುತ್ತವೆ, ಶಕ್ತಿ ಕೂಡುತ್ತಾ ಹೋಗುತ್ತದೆ. ಎದುರುಬದುರು ದಿಕ್ಕಿನ ರೇಖೆಗಳು ಒತ್ತಿಕೊಂಡ ಜಾಗದಲ್ಲಿ ಕಡಿದು, ಬೇರೆ ಜೋಡಿಯಾಗಿ ಕೂಡಿಕೊಳ್ಳುತ್ತವೆ. ಇದೇ ಮ್ಯಾಗ್ನೆಟಿಕ್ ರೀಕನೆಕ್ಷನ್. ಆಗ ಬಿಡುಗಡೆಯಾದ ಶಕ್ತಿಯಲ್ಲಿ ದೊಡ್ಡ ಪಾಲು ಎಲೆಕ್ಟ್ರಾನುಗಳನ್ನು ಓಡಿಸುವುದಕ್ಕೆ ಹೋಗುತ್ತದೆ. 60 ಕಿಲೋ ಎಲೆಕ್ಟ್ರಾನ್ ವೋಲ್ಟ್ ಸಿಕ್ಕ ಎಲೆಕ್ಟ್ರಾನ್ ಬೆಳಕಿನ ಅರ್ಧ ವೇಗಕ್ಕೆ ಹತ್ತಿರ ಓಡುತ್ತದೆ. ಕವಣೆಯಲ್ಲಿ ಒಮ್ಮೆಗೆ ಒಂದೇ ಕಲ್ಲು; ಇಲ್ಲಿ ದೊಡ್ಡ ಜ್ವಾಲೆಯಾದರೆ ಸೆಕೆಂಡಿಗೆ 1ರ ಮುಂದೆ 36 ಸೊನ್ನೆ ಹಾಕಿದಷ್ಟು ಎಲೆಕ್ಟ್ರಾನುಗಳು! ಸೂರ್ಯನ ಹೊರ ವಾತಾವರಣವಾದ, ಅಷ್ಟು ತೆಳುವಾದ ಕರೋನಾದಲ್ಲಿ ಇಷ್ಟೊಂದು ಎಲೆಕ್ಟ್ರಾನುಗಳು ಎಲ್ಲಿಂದ ಒದಗುತ್ತವೆ ಎನ್ನುವ ಲೆಕ್ಕ ಇನ್ನೂ ಪೂರ್ತಿ ಬಗೆಹರಿದಿಲ್ಲ.

ಓಡುವ ಎಲೆಕ್ಟ್ರಾನ್ ಕಮಾನಿನ ಬುಡಕ್ಕೆ ಇಳಿದು ದಟ್ಟ ಅನಿಲಕ್ಕೆ ಬಡಿಯುತ್ತದೆ. ಅಲ್ಲಿನ ಪರಮಾಣುಗಳ ನ್ಯೂಕ್ಲಿಯಸ್ ಅದರ ದಾರಿಯನ್ನು ಬಾಗಿಸಿ ವೇಗ ತಗ್ಗಿಸುತ್ತದೆ, ಕಳೆದುಕೊಂಡ ಶಕ್ತಿಯಲ್ಲಿ ಒಂದು ಚೂರು ಹಾರ್ಡ್ ಎಕ್ಸ್-ರೇ ಆಗಿ ಹೊರಬೀಳುತ್ತದೆ. ಕೈ ಮುರಿದಾಗ ನಮ್ಮೂರ ಆಸ್ಪತ್ರೆಯಲ್ಲಿ ತೆಗೆಯುವ ಎಕ್ಸ್-ರೇಯೂ ಹೀಗೇ ಹುಟ್ಟುವುದು. ಟ್ಯೂಬಿನೊಳಗೆ ಎಲೆಕ್ಟ್ರಾನುಗಳನ್ನು ಓಡಿಸಿ ಟಂಗ್‌ಸ್ಟನ್‌ಗೆ ಬಡಿಸುತ್ತಾರೆ. ಅದರ ಶಕ್ತಿಯೂ ಹೆಚ್ಚುಕಮ್ಮಿ ಇದೇ ಮಟ್ಟದ್ದು.

ಹಾಗಾಗಿ ಹಾರ್ಡ್ ಎಕ್ಸ್-ರೇ ಚಿತ್ರದಲ್ಲಿ ಕಮಾನಿನ ಎರಡು ಬುಡಗಳೇ ಹೊಳೆಯುತ್ತವೆ. 1992ರ ಜನವರಿ 13ರಂದು ಜಪಾನಿನ ಯೋಕೋ ಉಪಗ್ರಹಕ್ಕೆ ಮೂರನೆಯದೊಂದು ಹೊಳಪು ಸಿಕ್ಕಿತು, ಅದೂ ಕಮಾನಿನ ನೆತ್ತಿಗಿಂತ ಮೇಲೆ. ರೀಕನೆಕ್ಷನ್ ನಡೆಯುವುದು ಕಮಾನಿನ ಮೇಲುಗಡೆ ಎನ್ನುವುದಕ್ಕೆ ಅದು ಒಳ್ಳೆಯ ಸಾಕ್ಷಿಯಾಯಿತು. ಸೌರ ಜ್ವಾಲೆಗಳ ಕತೆಯಲ್ಲಿ ನನಗೆ ತುಂಬಾ ಇಷ್ಟವಾದ ಚಿತ್ರ ಅದೇ.

ಹೊತ್ತನ್ನೂ ಗಮನಿಸಿ. ಹಾರ್ಡ್ ಎಕ್ಸ್-ರೇ ಮೊದಲು ಬರುತ್ತದೆ, ಸೆಕೆಂಡುಗಳಲ್ಲಿ ಏರಿಳಿಯುತ್ತಾ. ಬಡಿತಕ್ಕೆ ಬುಡದ ಅನಿಲ ಕಾದು ಕಮಾನಿನೊಳಗೆ ಮೇಲೇರಿ ತುಂಬಿಕೊಂಡ ಹಾಗೆ ಸಾಫ್ಟ್ ಎಕ್ಸ್-ರೇ ನಿಧಾನವಾಗಿ ಹೆಚ್ಚುತ್ತದೆ. ಇದನ್ನು ನ್ಯೂಪರ್ಟ್ ಪರಿಣಾಮ ಎನ್ನುತ್ತಾರೆ.

ಪ್ರೋಟಾನುಗಳೂ ಓಡುತ್ತವೆ. ಅವು ನ್ಯೂಕ್ಲಿಯಸ್‌ಗಳಿಗೆ ಬಡಿದರೆ ಗಾಮಾ ಕಿರಣ. ನಿರ್ದಿಷ್ಟ ಶಕ್ತಿಗಳಲ್ಲಿ ಎದ್ದು ಕಾಣುವ ಅದರ ಗೆರೆಗಳು ಮೊದಲು ಸಿಕ್ಕಿದ್ದು 1972ರ ಆಗಸ್ಟ್ ತಿಂಗಳ ಜ್ವಾಲೆಗಳಲ್ಲಿ.

ಇನ್ನು ಸುದ್ದಿಯಲ್ಲಿ ಬರುವ ‘ಎಕ್ಸ್ ಕ್ಲಾಸ್’. ಎಕ್ಸ್-ರೇಯ ಎಕ್ಸ್ ಅದು ಅಂತ ಸುಮಾರು ಜನ ತಿಳಿದಿದ್ದಾರೆ, ಅಲ್ವಾ? ಎ, ಬಿ, ಸಿ, ಎಂ, ಎಕ್ಸ್ ಎಂಬ ಮೆಟ್ಟಿಲುಗಳಲ್ಲಿ ಕೊನೆಯದು ಅದು, ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು. ಆದರೆ ಈ ಅಳತೆ ಸಾಫ್ಟ್ ಎಕ್ಸ್-ರೇಯದ್ದು. ಎಲೆಕ್ಟ್ರಾನುಗಳು ಎಷ್ಟು ಓಡಿದವು ಎನ್ನುವುದನ್ನು ಅದು ನೇರವಾಗಿ ಹೇಳುವುದಿಲ್ಲ. ಎರಡು ಜ್ವಾಲೆಗಳಿಗೆ ಒಂದೇ ಅಂಕಿ ಬಂದಿದ್ದರೂ ಹಾರ್ಡ್ ಎಕ್ಸ್-ರೇ ಬೇರೆ ಬೇರೆ ಇರಬಹುದು. ಸುಮ್ನೆ ಅಂಕಿ ನೋಡಿ ಗಾಬರಿ ಬೀಳುವವರಿಗೆ ಇದನ್ನು ಹೇಳಬೇಕು.

ಅದಕ್ಕೇ ಇಸ್ರೋದ ಸೂರ್ಯವೀಕ್ಷಣಾ ನೌಕೆ ಆದಿತ್ಯ-ಎಲ್1 ಎರಡನ್ನೂ ಬೇರೆ ಬೇರೆ ಅಳೆಯುತ್ತದೆ. ಸಾಫ್ಟ್ ಎಕ್ಸ್-ರೇಗೆ ಸೋಲೆಕ್ಸ್, ಹಾರ್ಡ್ ಎಕ್ಸ್-ರೇಗೆ ಹೀಲಿಯೋಸ್. ಎರಡೂ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ತಯಾರಾದವು. 2023ರ ಸೆಪ್ಟೆಂಬರ್ 2ರಂದು ಹಾರಿದ ನೌಕೆ ಗುರಿ ಮುಟ್ಟುವ ಮೊದಲೇ, ಅಕ್ಟೋಬರ್ 29ರಂದು, ಹೀಲಿಯೋಸ್ ಒಂದು ಜ್ವಾಲೆಯ ಆರಂಭವನ್ನು ಹಿಡಿದಿತ್ತು. ಅಮೆರಿಕದ ರೆಸ್ಸಿ ಉಪಗ್ರಹ 2002ರಿಂದ 2018ರವರೆಗೆ ಇದೇ ಕೆಲಸ ಮಾಡಿದ್ದು ಭೂಮಿಯನ್ನು ಸುತ್ತುತ್ತಾ. ಸುತ್ತಿನ ಒಂದು ಪಾಲು ಅದಕ್ಕೆ ಸೂರ್ಯ ಮರೆಯಾಗುತ್ತಿದ್ದ. ಆದಿತ್ಯ ಸುತ್ತುವುದು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದ ಎಲ್1 ಎಂಬ ಬಿಂದುವನ್ನು, ಅಲ್ಲಿ ಆ ಅಡ್ಡಿ ಇಲ್ಲ.